ಕೆರೆ ಲೆಕ್ಕ, ಐದನೇ ತಿಂಗಳು: ಎಮ್ಮೆಗೂ ಒಂದು ಕಾಲಂ

ಮೊದಲು ಕೆಟ್ಟ ಸುದ್ದಿ. ನೀರಿನ ಮಟ್ಟ ನೋಡೋಕೆ ನೆಟ್ಟಿದ್ದ ಬಿದಿರಿನ ಗಳ ಮತ್ತೆ ಮುರಿದಿದೆ. ಕೆಂಪು ಪೇಂಟ್ ಬಳಿದು, ಇಂಚಿಂಚಿಗೆ ಗೆರೆ ಎಳೆದು, ಅರ್ಧ ದಿನ ಸೊಂಟದುದ್ದ ನೀರಲ್ಲಿ ನಿಂತು ಹೂತಿದ್ದೆ. ಹುಡುಗರು ಕಿತ್ತಿರಬೇಕು ಅಂತ ಬೈಕೊಂಡಿದ್ದೆ. ಮೊನ್ನೆ ಕಣ್ಣಾರೆ ಕಂಡೆ. ಒಂದು ಎಮ್ಮೆ ನಿಧಾನಕ್ಕೆ ಬಂತು, ಗಳಕ್ಕೆ ಬೆನ್ನು ಕೊಟ್ಟಿತು, ಹಾಯಾಗಿ ತುರಿಸಿಕೊಂಡಿತು. ಲಟಕ್! ಈಗ ತೂಬಿನ ಕಲ್ಲಿನ ಮೇಲೇ ಗೆರೆ ಬರೆದಿದ್ದೇನೆ. ಅದನ್ನೂ ಮುರಿಯಲಿ, ನೋಡೋಣ.

ಹೊಸದಾಗಿ ಓದುತ್ತಿರುವವರಿಗೆ: ಇದು ಸಿಂಧನೂರು ತಾಲ್ಲೂಕಿನ ಒಂದು ಸಣ್ಣ ಊರ ಕೆರೆ. ಭಾನುವಾರ ಬೆಳಿಗ್ಗೆ ಹೋಗಿ ನೀರು, ಗಿಡ, ಹಕ್ಕಿ ಎಣಿಸಿ ಬರೆದಿಡುವುದು ನನ್ನ ಹವ್ಯಾಸ. ಮೊದಲು ಇಲ್ಲಿ ಎರೆಹೊಲ, ಜೋಳ, ಮಳೆ ಬಂದರೆ ಕೆರೆಗೆ ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಯ್ತು. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಬಂತು, ಹೊರಗಿನಿಂದ ಬಂದ ರೈತರ ಊರುಗಳು, ಅಂದರೆ ಕ್ಯಾಂಪ್‌ಗಳು, ಹುಟ್ಟಿದವು, ಭತ್ತ ಬಂತು. ಈಗ ಕೆರೆಗೆ ಮಳೆ ನೀರಿಗಿಂತ ಗದ್ದೆಯ ಬಸಿನೀರೇ ಜಾಸ್ತಿ. ಕಾಲುವೆ ಬಂದ್ ಆದರೆ ಸ್ವಲ್ಪ ದಿನಕ್ಕೆ ಕೆರೆ ಇಳಿಯುತ್ತದೆ, ಅಂಚಿನ ಕೆಸರು ಬಯಲಾಗುತ್ತದೆ, ಉದ್ದ ಕಾಲಿನ ಹಕ್ಕಿಗಳು ಇಳಿಯುತ್ತವೆ. ದೂರದ ಮುನಿರಾಬಾದಿನಲ್ಲಿ, ಅಣೆಕಟ್ಟಿನ ಹತ್ತಿರ, ಕಾಲುವೆ ಗೇಟು ಮುಚ್ಚಿದರೆ ಇಲ್ಲಿ ಮೆಟ್ಟುಗಾಲು ಹಕ್ಕಿಗೆ ಊಟ!

ನೀರಿನ ತಿಳಿ ನೋಡೋಕೆ ಪೇಂಟ್ ಡಬ್ಬಿಯ ಮುಚ್ಚಳಕ್ಕೆ ನಾಲ್ಕು ಭಾಗ ಮಾಡಿ ಕಪ್ಪು ಬಿಳುಪು ಬಳಿದು, ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತೇನೆ. ಎಲ್ಲಿ ಕಣ್ಮರೆಯಾಗುತ್ತೋ ಅದೇ ಲೆಕ್ಕ. 1865ರಲ್ಲಿ ಇಟಲಿಯ ಸೆಕ್ಕಿ ಅನ್ನೋ ಪಾದ್ರಿ ತೋರಿಸಿದ ಉಪಾಯ. ಬಸಿಗಾಲುವೆ ಸೇರುವ ಕಡೆ ಮೊಣಕೈ ಆಳಕ್ಕೇ ಮುಚ್ಚಳ ಮಾಯ. ಗದ್ದೆಯ ಯೂರಿಯಾ ಹರಿದು ಬಂದು ಪಾಚಿ ಬೆಳೆಸುತ್ತಿದೆಯೇನೋ ಅಂತ ನನಗೆ ಅನುಮಾನ.

ಈ ತಿಂಗಳ ದೊಡ್ಡ ವಿಷಯ ಬೇಲಿ. ಎಮ್ಮೆ ಕೆರೆಯನ್ನು ಕೆಡಿಸುತ್ತವೆ ಅಂತಲೇ ನಾನು ಈ ಕೆಲಸ ಶುರು ಮಾಡಿದ್ದು. ಅದನ್ನು ಸಾಬೀತು ಮಾಡೋಣ ಅಂತ ಆಗಸ್ಟ್‌ನಲ್ಲಿ ಅಂಚಿನ ನೀರಲ್ಲಿ ನಾಲ್ಕು ಮೀಟರ್ ಚೌಕಕ್ಕೆ ಬಳ್ಳಾರಿ ಜಾಲಿ ಮುಳ್ಳು ಸುತ್ತಿದ್ದೆ. (ಹೆಸರಿಗೆ ಬಳ್ಳಾರಿ, ತವರು ಮಾತ್ರ ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆ.) ಈಗ ಒಳಗೆ ಆಪು (ಕೆರೆಯಂಚಿನ ಉದ್ದ ಎಲೆಯ ಜೊಂಡು) ನನ್ನ ಎದೆಮಟ್ಟಕ್ಕೆ ಬೆಳೆದು ಗೋಡೆಯಾಗಿದೆ. ಕೈ ತೂರಿಸಿದರೆ ನೀರು ಸಿಗುವುದೇ ಕಷ್ಟ. ಹೊರಗೆ ತುಳಿದ ಮೋಟು, ಮಧ್ಯೆ ಮಧ್ಯೆ ಅಂಗೈಯಷ್ಟು, ಚಾಪೆಯಷ್ಟು ಬಯಲು ನೀರು. ಮೆಟ್ಟುಗಾಲು ಹಕ್ಕಿಗಳೆಲ್ಲ ಅಲ್ಲೇ.

ಒಂದು ಆಪಿನ ಎಲೆಯನ್ನು ಬುಡದಲ್ಲಿ ಅಡ್ಡ ಕೊಯ್ದು ನೋಡಿ. ಒಳಗೆಲ್ಲ ಜೇನುಗೂಡಿನ ಹಾಗೆ ಪೊಳ್ಳು ಕೋಣೆಗಳು. ಕೆಸರಲ್ಲಿರುವ ಬೇರಿಗೆ ಗಾಳಿ ಇಳಿಯುವ ದಾರಿ ಇದೇ. ಎಮ್ಮೆ ಎಳೇ ಚಿಗುರು ಮೇಯ್ದು, ನೀರಿನ ಕೆಳಗೇ ಕಾಂಡ ಮುರಿದರೆ ಆ ದಾರಿಗೆ ನೀರು ನುಗ್ಗುತ್ತದೆ, ಬೇರು ಉಸಿರುಗಟ್ಟುತ್ತದೆ.

ರಾಜಸ್ಥಾನದ ಭರತಪುರದ ಹಕ್ಕಿ ತಾಣದ ಕಥೆ ಓದಿದ್ದೆ, ಮರೆತಿದ್ದೆ. 1982ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿ ಎಮ್ಮೆ ಮೇಯಿಸೋದನ್ನ ನಿಲ್ಲಿಸಿದರು. ಜಗಳವಾಗಿ ಗೋಲಿಬಾರ್‌ನಲ್ಲಿ ಜನ ಸತ್ತರು. ಆಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರ ಬಹುವರ್ಷದ ಅಧ್ಯಯನದಲ್ಲಿ ಕಂಡದ್ದು, ಮೇಯುವವರಿಲ್ಲದೆ ಹುಲ್ಲು ನೀರನ್ನೇ ಮುಚ್ಚಿ ಬಾತುಗಳಿಗೆ ಜಾಗ ಇಲ್ಲದಂತಾಯ್ತು ಅಂತ. ಹಾಗಂತ ಆಪು ಪೂರ್ತಿ ಹೋದರೂ ಕಷ್ಟ. ನೇರಳೆ ಜಂಬುಕೋಳಿ ಅನ್ನೋ ನೀರುಹಕ್ಕಿಗೆ ಅದೇ ಮನೆ. ನನ್ನ ಬೇಲಿಯೊಳಗೆ ಒಂದು ಜೋಡಿ ಆಗಲೇ ಸೇರಿಕೊಂಡಿದೆ. ಒಂದೇ ಬೇಲಿ ನಂಬಿ ತೀರ್ಪು ಕೊಡೋಕಾಗಲ್ಲ, ಅದೂ ನಿಜ. ಆಚೆ ದಂಡೆಗೆ ಇನ್ನೆರಡು ಹಾಕಬೇಕು.

ಎಮ್ಮೆ ಕಾಯುವ ತಾತನಿಗೆ ಬೇಲಿ ತೋರಿಸಿದೆ. ಬೀಡಿ ಆರಿಸಿ ನಕ್ಕರು. "ಎಮ್ಮಿ ನೀರಿಗಿಳೀಲಿಲ್ಲಂದ್ರ ಆಪು ಕೆರಿನೇ ನುಂಗ್ತದ ತಮ್ಮಾ. ಇದಕ್ಕ ಐದು ತಿಂಗಳು ಬೇಕಾತೇನು?"

ನಿಮ್ಮವು ಎಷ್ಟಿವೆ ತಾತಾ ಅಂದೆ. ಹದಿನೈದಿದ್ದವಂತೆ. ದೀಪಾವಳಿ ಆದ ಮೇಲೆ ಆರು ಮಾರಿದ್ದಾರೆ. "ಮಷೀನ್ ಕೊಯ್ದ ಹುಲ್ಲು ಮೊದಲಿನ್ಹಂಗಿಲ್ಲ. ಮೊಮ್ಮಗ ಸೆಗಣಿ ಮುಟ್ಟಂಗಿಲ್ಲ. ನಾ ಹೋದ ಮ್ಯಾಲೆ ಇವೂ ಹೋಗ್ತಾವ."

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಎಳೆದೆ. ಈ ಭಾನುವಾರದ ಸಾಲು: ಮೆಟ್ಟುಗಾಲು 31, ನಾಮದ ಕೋಳಿ 44, ಗುಳುಮುಳುಕ 6, ಎಮ್ಮೆ 9.