ಸಾಲಲ್ಲಿ ಕೂತು ಉಂಡಿದ್ದು

ಸಂಚಿಕೆಗೆ ಏನಾದ್ರೂ ಬರ್ದುಕೊಡಿ ಅಂತ ನಾನು ಓದಿದ ಸಿದ್ಧಗಂಗಾ ಮಠದಿಂದ ಫೋನ್ ಬಂದಾಗ ನಾನು ನಮ್ಮ ಸ್ಕೂಲಿನ ಬಿಸಿಯೂಟದ ಸಾಲಲ್ಲಿ ನಿಂತಿದ್ದೆ. ಕೈಯಲ್ಲಿ ಒಂದು ಸ್ಟೀಲ್ ತಟ್ಟೆ. ಅದು 1994ರ ಜೂನ್‌ನಲ್ಲಿ ನಮ್ಮಪ್ಪ ತುಮಕೂರಲ್ಲಿ ಕೊಡ್ಸಿದ್ದು, ಹಿಂದುಗಡೆ ಮೊಳೇಲಿ ಕೊರ್ದಿರೋ ನನ್ನ ಹೆಸರಿನ ಮೊದಲಕ್ಷರ ಈಗ್ಲೂ ಕಾಣುತ್ತೆ. ಅದ್ರ ಕಥೆನೇ ಬರೀತೀನಿ ಅಂತ ಆಗ್ಲೇ ಅನ್ಕೊಂಡೆ.

ನಾನೀಗ ಸರ್ಕಾರಿ ಹೈಸ್ಕೂಲಲ್ಲಿ ವಿಜ್ಞಾನದ ಮೇಷ್ಟ್ರು. ಎಲ್ಲಿ ಟ್ರೈನಿಂಗಿಗೆ ಹೋದ್ರೂ ಒಂದು ಮಾತು ಬಂದೇ ಬರುತ್ತೆ, ಇವತ್ತಿನ ಶಿಕ್ಷಣದಲ್ಲಿ ನಮ್ಮ ಮೌಲ್ಯಗಳಿಲ್ಲ, ನಮ್ಮ ಸಂಸ್ಕೃತಿ ತರ್ಬೇಕು ಅಂತ. 2020ರ ರಾಷ್ಟ್ರೀಯ ಶಿಕ್ಷಣ ನೀತೀಲೂ ಸೇವೆ, ಅಹಿಂಸೆ, ಸ್ವಚ್ಛತೆ, ಸತ್ಯ, ನಿಷ್ಕಾಮ ಕರ್ಮ ಅಂತ ಹೆಸರು ಹಿಡಿದೇ ಬರ್ದಿದ್ದಾರೆ. ನಂಗೂ ಬೇಕು ಅದೆಲ್ಲ, ಮನಸಾರೆ ಬೇಕು. ಆದ್ರೆ ತರೋದು ಹೇಗೆ ಅನ್ನೋ ಮಾತು ಬಂದ ತಕ್ಷಣ ವಾರಕ್ಕೊಂದು ಪಿರಿಯಡ್, ಗೋಡೆಗೊಂದು ಚಾರ್ಟು, ಕೊನೇಲಿ ಬಿಟ್ಟ ಸ್ಥಳ ತುಂಬಿರಿ, ಇಷ್ಟರಲ್ಲೇ ಮುಗಿದೋಗುತ್ತೆ. ಅದನ್ನ ನೋಡ್ದಾಗೆಲ್ಲ ನಂಗೆ ಸಿದ್ಧಗಂಗೆ ಬೆಟ್ಟದ ಕೆಳಗಿನ ಆ ಊಟದ ಸಾಲು ಜ್ಞಾಪಕಕ್ಕೆ ಬರುತ್ತೆ.

ನಮ್ಮಪ್ಪಂಗೆ ಸಿರಾ ತಾಲ್ಲೂಕಲ್ಲಿ 4 ಎಕರೆ ಖುಷ್ಕಿ, ಮಳೆ ಬಂದ್ರೆ ಕಡ್ಲೇಕಾಯಿ, ಇಲ್ದಿದ್ರೆ ಏನೂ ಇಲ್ಲ. ಏಳನೇ ಕ್ಲಾಸ್ ಮುಗಿದ ಮೇಲೆ ಮುಂದಕ್ಕೆ ಓದ್ಸೋದು ಹೇಗೆ ಅಂತ ಮನೇಲಿ ಮಾತಾಗ್ತಿದ್ದಾಗ ಸೋದರಮಾವ ಬಂದು ಬುದ್ಧಿಯೋರ ಹತ್ರ, ಅಂದ್ರೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಹತ್ರ, ಬಿಟ್ಟು ಬಾ, ಅಲ್ಲಿ ಯಾರ್ನೂ ಇಲ್ಲ ಅಂತ ಕಳ್ಸಲ್ಲ ಅಂದ್ರು. ಕ್ಯಾತ್ಸಂದ್ರದಲ್ಲಿ ಬಸ್ಸಿಳಿದು ತಗಡಿನ ಟ್ರಂಕು ಅಪ್ಪನ ತಲೆ ಮೇಲೆ, ಹಾಸಿಗೆ ಸುರುಳಿ ನನ್ನ ತಲೆ ಮೇಲೆ, ಹಂಗೇ ನಡ್ಕೊಂಡು ಹೋದ್ವಿ. ನಮ್ಮ ಥರಾನೇ ಟ್ರಂಕು ಹೊತ್ಕೊಂಡು ಬಂದೋರು ಎಷ್ಟು ಜನ! ರಾಯಚೂರು ಕಡೆಯೋರು, ಗುಲ್ಬರ್ಗ ಕಡೆಯೋರು, ಅವರ ಮಾತೇ ನಂಗೆ ಅರ್ಥ ಆಗ್ತಿರ್ಲಿಲ್ಲ.

ನಾನು ಹುಟ್ಟಿದೂರಿನ ಒಂದು ವಿಷ್ಯ ಹೇಳ್ಬೇಕು, ಹೇಳ್ದೆ ಮುಂದಕ್ಕೆ ಹೋಗೋಕಾಗಲ್ಲ. ನಮ್ಮೂರಲ್ಲಿ ಮದುವೆ ಆದ್ರೆ ದಲಿತರ ಕೇರಿಯೋರು ಚಪ್ಪರದ ಆಚೆ ಕೂರ್ಬೇಕಿತ್ತು, ಎಲ್ರದೂ ಆದ್ಮೇಲೆ ಅವ್ರ ಸಾಲು, ಬಡಿಸೋರು ಎಲೆಗೆ ಕೈ ತಾಗ್ದಂಗೆ ಎತ್ತರದಿಂದ ಹಾಕೋರು. ನಾನು ಅದನ್ನ ನೋಡ್ಕೊಂಡೇ ಬೆಳೆದೆ, ಅದು ತಪ್ಪು ಅಂತ ನಂಗೆ ಯಾರೂ ಹೇಳಿರ್ಲಿಲ್ಲ, ಹಂಗಾಗಿ ಅದು ಬಿಸಿಲು ಮಳೆ ಇದ್ದಂಗೆ ಇರೋದೇ ಹಂಗೆ ಅನ್ಕೊಂಡಿದ್ದೆ. ಹಾಸ್ಟೆಲಿನ ಮೊದಲ್ನೇ ರಾತ್ರಿ ನೆಲದ ಮೇಲೆ ಚಕ್ಲುಮುಕ್ಲ ಹಾಕ್ಕೊಂಡು ಕೂತಾಗ ಪಕ್ಕದಲ್ಲಿ ಒಬ್ಬ ಸಣ್ಣ ಹುಡುಗ ಅಳ್ತಾ ಕೂತಿದ್ದ, ಮುದ್ದೆ ಮುರಿಯೋಕೂ ಬರ್ತಿರ್ಲಿಲ್ಲ ಅವನಿಗೆ, ಅವ್ರ ಕಡೆ ಜೋಳದ ರೊಟ್ಟಿ, ನಾನೇ ಮುರಿದು ಸಾರಲ್ಲಿ ಹೊರಳಿಸಿ ನುಂಗೋದು ತೋರಿಸ್ದೆ. ಅವನು ಯಾವ ಜಾತಿ ಅಂತ ಗೊತ್ತಾಗಿದ್ದು ಮೂರು ತಿಂಗಳಾದ್ಮೇಲೆ, ಅವನನ್ನ ನೋಡೋಕೆ ಅವ್ರಪ್ಪ ಬಂದಾಗ ಏನೋ ಮಾತಿಗೆ ಮಾತು ಬಂದು. ಅಷ್ಟೊತ್ತಿಗೆ ಅವನ ತಟ್ಟೆಯ ಮುದ್ದೆಯ ಚೂರು ನನ್ನ ತಟ್ಟೇಲಿ, ನನ್ನ ತಟ್ಟೇದು ಅವನ ತಟ್ಟೇಲಿ ಎಷ್ಟು ಸಲ ಓಡಾಡಿತ್ತೋ. ಯಾರೂ ನಮಗೆ ಸಮಾನತೆ ಅಂತ ಪಾಠ ಮಾಡ್ಲಿಲ್ಲ, ಜಾಗ ಖಾಲಿ ಇದ್ದಲ್ಲಿ ಕೂತ್ಕೊಳ್ಳಿ ಅಂದ್ರು ಅಷ್ಟೇ.

ಅದಕ್ಕೇ ಸಂಪ್ರದಾಯ ತರ್ಬೇಕು ಅಂತ ಯಾರಾದ್ರೂ ಅಂದಾಗ ಯಾವ್ದು ಅಂತ ಕೇಳ್ತೀನಿ. ಎತ್ತರದಿಂದ ಅನ್ನ ಹಾಕೋದೂ ಸಂಪ್ರದಾಯವೇ, ಒಂದೇ ಸಾಲಲ್ಲಿ ಕೂರ್ಸೋ ದಾಸೋಹಾನೂ ಸಂಪ್ರದಾಯವೇ, ಎರಡೂ ಇದೇ ನೆಲದ್ದು. 12ನೇ ಶತಮಾನದಲ್ಲಿ ಕಲ್ಯಾಣದ ಶರಣರು ಮೊದಲ್ನೇದನ್ನ ಒಡೆದು ಎರಡನೇದನ್ನ ಕಟ್ಟಿದ್ರು. ಆರಿಸ್ಕೊಳ್ಳೋ ಕೆಲಸ ನಮ್ದು, ಆರಿಸ್ದೆ ಎಲ್ಲಾನೂ ಒಂದೇ ಮೂಟೆ ಕಟ್ಕೊಂಡು ಸ್ಕೂಲಿಗೆ ತಂದ್ರೆ ಮಕ್ಕಳಿಗೆ ಒಳ್ಳೇದಾಗಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೀನಿ.

ಅಲ್ಲಿನ ದಿನ ಹೇಗಿರ್ತಿತ್ತು ಅಂತ ಈಗ ಓದ್ತಿರೋ ತಮ್ಮಂದಿರಿಗೆ ಹೇಳೋದೇನೂ ಬೇಡ, ಕತ್ಲಲ್ಲೇ ಏಳೋದು, ತಣ್ಣೀರು, ಹಣೆಗೆ ವಿಭೂತಿ, ಬಯಲಲ್ಲಿ ಸಾಮೂಹಿಕ ಪ್ರಾರ್ಥನೆ. ಸಾವಿರಾರು ಹುಡುಗ್ರು ಒಟ್ಟಿಗೆ ಹೇಳುವಾಗ ಆ ದನಿ ಬಂಡೆಗೆ ಬಡಿದು ವಾಪಸ್ ಬರೋದು, ನಮ್ಮ ದನಿ ನಮಗೇ ಸಿಗ್ತಿರ್ಲಿಲ್ಲ. ಓದೋಕೆ ಎಲ್ರಿಗೂ ರೂಮಲ್ಲಿ ಜಾಗ ಸಾಲ್ದು, ಮರದ ಬುಡ, ಬಂಡೆ, ಮೆಟ್ಟಿಲು, ಎಲ್ಲೆಲ್ಲೂ ಪುಸ್ತಕ ಹಿಡ್ಕೊಂಡ ಹುಡುಗ್ರೇ. ನಾನು ನ್ಯೂಟನ್‌ನ ಮೂರು ನಿಯಮ ಬಾಯಿಪಾಠ ಮಾಡಿದ್ದು ಒಂದು ಬಂಡೆ ಮೇಲೆ, ಈಗ್ಲೂ ಮಕ್ಕಳಿಗೆ ಆ ಪಾಠ ಮಾಡುವಾಗ ಕಾಲ ಕೆಳಗೆ ಬಿಸಿ ಕಲ್ಲಿದ್ದಂಗೇ ಇರುತ್ತೆ.

ಸಂಸ್ಕೃತ ಒಂದು ಕಡೆ, ಸೈನ್ಸ್ ಒಂದು ಕಡೆ ಅನ್ನೋ ಗೆರೆ ಅಲ್ಲಿ ಇರ್ಲೇ ಇಲ್ಲ. 1917ರಲ್ಲೇ ಮಠದ ಹಿಂದಿನ ಗುರುಗಳಾದ ಉದ್ದಾನ ಸ್ವಾಮಿಗಳ ಕಾಲದಲ್ಲಿ ಸಂಸ್ಕೃತ ಪಾಠಶಾಲೆ ಶುರುವಾದ ಜಾಗ ಅದು, ಅದೇ ಮಠ 1963ರಲ್ಲಿ ಇಂಜಿನಿಯರಿಂಗ್ ಕಾಲೇಜು ಕಟ್ತು. ಶಿವಕುಮಾರ ಸ್ವಾಮಿಗಳು ಸ್ವತಃ ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಭೌತಶಾಸ್ತ್ರ, ಗಣಿತ ಓದ್ತಿದ್ದೋರು, 1930ರಲ್ಲಿ ಕಾವಿ ತೊಟ್ಟೋರು. ನಮ್ಮ ಬ್ಯಾಚಲ್ಲಿ ಸಂಸ್ಕೃತದಲ್ಲಿ ನಂಗಿಂತ ಜಾಸ್ತಿ ಮಾರ್ಕ್ಸ್ ತೆಗೀತಿದ್ದೋನು ಗಂಗಾವತಿ ಕಡೆಯ ಒಬ್ಬ ಮುಸ್ಲಿಂ ಹುಡುಗ, ರಾತ್ರಿ ಅವನೇ ನಂಗೆ ಶಬ್ದರೂಪ ಹೇಳ್ಕೊಡ್ತಿದ್ದ. ಆಗ ಅದ್ರಲ್ಲಿ ವಿಶೇಷ ಏನೂ ಕಂಡಿರ್ಲಿಲ್ಲ. ಈಗಿನ ಕಾಲ ನೋಡಿದ್ಮೇಲೆ ಅದೆಷ್ಟು ದೊಡ್ಡದು ಅಂತ ಗೊತ್ತಾಗ್ತಿದೆ.

ಇನ್ನು ಎಂಟನೇ ಕ್ಲಾಸಿನ ಒಂದು ಸಂಗತಿ. ಒಂದಿನ ರಾತ್ರಿ ಹಸಿವಲ್ಲಿ ಎರಡು ಮುದ್ದೆ ಹಾಕಿಸ್ಕೊಂಡು ಒಂದನ್ನ ಅರ್ಧಕ್ಕೇ ಬಿಟ್ಟು ಕೈ ತೊಳೆಯೋಕೆ ಎದ್ದೆ. ನಮ್ಮ ಕನ್ನಡ ಮೇಷ್ಟ್ರು ನೋಡಿದ್ರು. ಬೈಯ್ಲಿಲ್ಲ. ಮಾರನೇ ದಿನ ಕ್ಲಾಸಲ್ಲಿ ಆಯ್ದಕ್ಕಿ ಮಾರಯ್ಯನ ಕಥೆ ಹೇಳಿದ್ರು, ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ಕೊಂಡು ಬಂದು ದಾಸೋಹ ಮಾಡ್ತಿದ್ದ ಮಾರಯ್ಯ ಒಂದಿನ ದಿನಕ್ಕಿಂತ ಜಾಸ್ತಿ ತಂದಾಗ ಹೆಂಡ್ತಿ ಲಕ್ಕಮ್ಮ ಇಷ್ಟೊಂದು ನಮಗ್ಯಾಕೆ, ಹೋಗಿ ಅಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳ್ಸಿದ್ದು. ಬಡವರ ಮನೆ ಹೆಂಗಸು, ಸಿಕ್ಕಿದ ಅಕ್ಕೀನ ಬೇಡ ಅಂದ್ಳು. ಮೇಷ್ಟ್ರು ನನ್ನ ಕಡೆ ತಿರುಗೂ ನೋಡ್ಲಿಲ್ಲ, ಆದ್ರೆ ನಂಗೆ ಕಿವಿ ಬಿಸಿಯಾಯ್ತು. ಅವತ್ತಿಂದ ಇವತ್ತಿನವರೆಗೆ ತಟ್ಟೇಲಿ ಅಗುಳು ಬಿಟ್ಟಿಲ್ಲ. ಆ ಕಥೆ ಬರೀ ಪುಸ್ತಕದಲ್ಲಿ ಓದಿದ್ರೆ ಐದು ಮಾರ್ಕಿನ ಉತ್ತರ ಬರ್ದು ಮರ್ತುಬಿಡ್ತಿದ್ದೆ, ಹಿಂದಿನ ರಾತ್ರಿಯ ಮುದ್ದೆಗೂ ಅದಕ್ಕೂ ಗಂಟು ಹಾಕಿದ್ರಲ್ಲ, ಅಲ್ಲಿದೆ ಮೇಷ್ಟ್ರ ಕೆಲಸ.

ದಾಸೋಹಕ್ಕೂ ದಾನಕ್ಕೂ ಏನು ವ್ಯತ್ಯಾಸ ಅಂತ ನಂಗೆ ತೋರಿಸ್ಕೊಟ್ಟಿದ್ದು ಅಪ್ಪ. ಬುದ್ಧಿಯೋರು ಹಿಂದೆ ಊರೂರು ಸುತ್ತಿ ಮಕ್ಕಳಿಗೋಸ್ಕರ ಭಿಕ್ಷೆ ಎತ್ತಿದ್ದನ್ನ ನಮ್ಮ ಕಡೆಯ ಹಿರಿಯರು ಇವತ್ತಿಗೂ ಹೇಳ್ತಾರೆ. ನಾನು ಹತ್ತನೇ ಕ್ಲಾಸಲ್ಲಿದ್ದಾಗ ಬೆಳೆ ಅಷ್ಟಕ್ಕಷ್ಟೇ, ಸಾಲ ಬೇರೆ, ಆದ್ರೂ ಶಿವರಾತ್ರಿ ಜಾತ್ರೆಗೆ ಅಪ್ಪ ಒಂದು ಚೀಲ ಕಡ್ಲೇಕಾಯಿ ತಂದ್ರು. ದನದ ಜಾತ್ರೆಯ ಧೂಳಲ್ಲಿ ಚೀಲ ಹೊತ್ಕೊಂಡು ಬರ್ತಿದ್ದೋರನ್ನ ನೋಡಿ ಮನೇಲೇ ಇಲ್ದಿರುವಾಗ ಯಾಕಪ್ಪಾ ತಂದೆ ಅಂತ ಸ್ವಲ್ಪ ಜೋರಾಗೇ ಕೇಳ್ದೆ. ಮೂರು ವರ್ಷ ನನ್ ಮಗ ಉಂಡವ್ನೆ, ಇನ್ನೊಬ್ಬರ ಮಗೀಗೆ ಬ್ಯಾಡ್ವಾ ಅಂದ್ರು. ಉಗ್ರಾಣದಲ್ಲಿ ಚೀಲ ಇಳ್ಸಿ, ಚೀಲಕ್ಕೇ ಕೈ ಮುಗಿದ್ರು. ಕೊಡೋನು ತಲೆ ಬಗ್ಗಿಸೋದು ನಾನು ಕಂಡಿದ್ದು ಅದೇ ಮೊದಲು. ಅಪ್ಪ ಓದಿದ್ದು ಎರಡನೇ ಕ್ಲಾಸು.

ಆಮೇಲೆ ಎಲ್ಲಾರಂಗೆ ಪಿಯುಸಿ, ಡಿಗ್ರಿ, ಬಿ.ಎಡ್., ಕೆಲಸ. ಸರ್ಕಾರ 2002ರಲ್ಲಿ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಬಿಸಿಯೂಟ ಶುರು ಮಾಡಿದಾಗ ಅದಕ್ಕೆ ಅಕ್ಷರ ದಾಸೋಹ ಅಂತ ಹೆಸರಿಟ್ಟಿದ್ದು ಕೇಳಿ ಎಷ್ಟು ಖುಷಿಪಟ್ಟಿದ್ದೆ! ಮಠದ ಮಾತು ಇಡೀ ರಾಜ್ಯದ ಸ್ಕೂಲಿನ ಮಾತಾಯ್ತು ಅಂತ. ಆದ್ರೆ ಒಂದು ವಿಷ್ಯ ಒಪ್ಪಿಕೊಳ್ಳಲೇಬೇಕು. ಮೇಷ್ಟ್ರಾದ ಮೇಲೆ ನಾನು ಆ ಸಾಲಲ್ಲಿ ಕೂರ್ಲಿಲ್ಲ. ಮಕ್ಕಳು ಹೊರಗೆ ಜಗಲಿ ಮೇಲೆ, ನಾನು ಸ್ಟಾಫ್ ರೂಮಲ್ಲಿ ಮನೆಯಿಂದ ತಂದ ಡಬ್ಬಿ ಬಿಚ್ಕೊಂಡು, ಸುಮಾರು ವರ್ಷ ಹಂಗೇ ನಡೀತು. ತಟ್ಟೆ ಮನೆ ಅಟ್ಟದ ಮೇಲಿತ್ತು.

2019ರ ಜನವರಿ 21. ಬುದ್ಧಿಯೋರು ಹೋದ್ರು ಅನ್ನೋ ಸುದ್ದಿ ಬಂದಾಗ ಮಧ್ಯಾಹ್ನ ಆಗಿತ್ತು. ಪ್ರಾಣ ಹೋಗಿದ್ದು ಮುಂಚೇನೇ ಅಂತೆ, ಮಕ್ಕಳದು ಊಟ ಆಗೋವರೆಗೂ ಹೇಳ್ಬೇಡಿ ಅನ್ನೋದು ಅವರ ಇಚ್ಛೆ ಆಗಿತ್ತಂತೆ ಅಂತ ಆಮೇಲೆ ಕೇಳಿದ್ವಿ. 111 ವರ್ಷದ ಜೀವ, ತನ್ನ ಸಾವಿನಿಂದಾನೂ ಮಕ್ಕಳು ಒಂದು ತುತ್ತು ಕಮ್ಮಿ ಉಣ್ಬಾರ್ದು ಅಂತ ಯೋಚ್ನೆ ಮಾಡಿದ್ದು. ನಾನು ರಾತ್ರೀನೇ ಹೊರಟೆ. ದಾರಿ ಉದ್ದಕ್ಕೂ ಜನ, ಲಕ್ಷಗಟ್ಲೆ ಜನ, ಕ್ಯಾತ್ಸಂದ್ರದಿಂದ ಮುಂದೆ ಕಾಲಿಡೋಕೆ ಜಾಗ ಇಲ್ಲ, ಆದ್ರೆ ಬಂದೋರಿಗೆಲ್ಲ ಊಟ ಇತ್ತು. ಅಂಥಾ ದಿನಾನೂ ಒಲೆ ಉರೀತಿತ್ತು. ಸಾಲಲ್ಲಿ ನಿಂತು ಎಲೆ ತಟ್ಟೇಲಿ ಅನ್ನ ಹಾಕಿಸ್ಕೊಂಡೆ, ಬಡಿಸ್ತಿದ್ದ ಹುಡುಗಂಗೆ ನಾನು ಎಂಟನೇ ಕ್ಲಾಸಲ್ಲಿದ್ದಷ್ಟು ವಯಸ್ಸು, ಕಣ್ಣೆಲ್ಲ ಕೆಂಪಾಗಿತ್ತು, ಆದ್ರೂ ಇನ್ನೊಂಚೂರು ಹಾಕ್ಲಾ ಅಣ್ಣಾ ಅಂತ ಕೇಳ್ದ. ಗಂಟಲಲ್ಲಿ ಅನ್ನ ಇಳೀಲಿಲ್ಲ ನಂಗೆ. ಡಬ್ಬಿ ಬಿಚ್ಕೊಂಡು ಸ್ಟಾಫ್ ರೂಮಲ್ಲಿ ಕೂರೋ ನಾನು ಇಲ್ಲಿಂದ ಏನು ತಗೊಂಡು ಹೋಗಿದ್ದೆ ಅನ್ನಿಸ್ತು.

ಮನೆಗೆ ಬಂದು ಅಟ್ಟ ಹತ್ತಿ ತಟ್ಟೆ ಇಳ್ಸಿದೆ. ಮಾರನೇ ವಾರದಿಂದ ಮಕ್ಕಳ ಸಾಲಲ್ಲಿ ಕೂತೆ.

ಕೂತ ಮೇಲೇ ಕಾಣಿಸಿದ್ದು, ಕೆಲವು ಮಕ್ಕಳು ಉಣ್ತಾನೇ ಇರ್ಲಿಲ್ಲ. ಹೊಟ್ಟೆ ನೋವು, ಹಸಿವಿಲ್ಲ, ಮನೇಲಿ ಉಂಡ್ಕೊಂಡು ಬಂದ್ವಿ, ದಿನಕ್ಕೊಂದು ಕಾರಣ. ವಿಚಾರ್ಸಿದ್ರೆ ಹೊಸದಾಗಿ ಸೇರಿದ ಅಡುಗೆ ಅಕ್ಕ ಕೇರಿಯೋರು. ಅಷ್ಟು ವರ್ಷ ನಮ್ಮೂರಲ್ಲಿ ನೋಡಿದ ಚಪ್ಪರ ಇಲ್ಲೂ ಬಂದು ನಿಂತಿತ್ತು, ಸ್ಟಾಫ್ ರೂಮಿನ ಕಿಟಕಿಯಿಂದ ಅದು ಕಾಣ್ತಿರ್ಲಿಲ್ಲ ಅಷ್ಟೇ. ನಾನು ಭಾಷಣ ಮಾಡೋಕೆ ಹೋಗ್ಲಿಲ್ಲ. ಆ ಅಕ್ಕನ ಹತ್ರ ಹೋಗಿ ಅಕ್ಕಾ, ದಿನಾ ನಂಗೇ ಮೊದಲು ಹಾಕಿ, ಎಲ್ರಿಗೂ ಕಾಣೋ ಹಂಗೆ ಹಾಕಿ ಅಂದೆ. ಒಬ್ಬೊಬ್ಬರೇ ಮೇಷ್ಟ್ರು ಮೇಡಮ್ಮು ಡಬ್ಬಿ ಬಿಟ್ಟು ಬಂದು ಕೂತ್ರು, ಸ್ಕೂಲಿನ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯೋರನ್ನೂ ಒಂದಿನ ಕರ್ದು ಕೂರಿಸಿದ್ವಿ. ಬಡಿಸೋ ಕೆಲಸ ಹತ್ತನೇ ಕ್ಲಾಸಿನ ಮಕ್ಕಳಿಗೆ ಪಾಳಿ ಮೇಲೆ ಕೊಟ್ವಿ, ಬಡಿಸೋರದ್ದು ಊಟ ಕೊನೇಲಿ, ಅದು ನಾನು ಹಾಸ್ಟೆಲಲ್ಲಿ ಮಜ್ಜಿಗೆ ಬಕೆಟ್ ಹಿಡಿದು ಕಲ್ತಿದ್ದು. ಎಷ್ಟೋ ಮಕ್ಕಳು ವಾಪಸ್ ಸಾಲಿಗೆ ಬಂದ್ರು. ಎರಡು ಮನೆಯೋರು ಕೊನೇವರೆಗೂ ಬದಲಾಗ್ಲಿಲ್ಲ, ಒಬ್ಬರಂತೂ ಹುಡುಗನ ಟಿಸಿನೇ ತಗೊಂಡು ಹೋದ್ರು. ಆ ಹುಡುಗ ಗೇಟ್ ಹತ್ರ ನಿಂತು ತಿರುಗಿ ನೋಡಿದ್ದು ನಂಗೆ ಇನ್ನೂ ಮರ್ಯೋಕಾಗ್ತಿಲ್ಲ. ಅವರ ಮನೆಗೆ ನಾನು ಇನ್ನೊಂದ್ಸಲ ಹೋಗ್ಬೇಕಿತ್ತು.

ಈ ಸಲ ನಮ್ಮಲ್ಲಿ ಮೌಲ್ಯ ಶಿಕ್ಷಣದ ಚಾರ್ಟ್ ಬರೆಯೋಕೆ ಹೇಳಿದ್ದಾರೆ, ಬರೀತೀವಿ, ಬರೆಯೋದ್ರಲ್ಲಿ ತಪ್ಪೇನಿಲ್ಲ. ಸಂಚಿಕೆಯ ಫೋನ್ ಬಂದ ದಿನ ಮಾತಾಡ್ತಾ ಮಾತಾಡ್ತಾ ನಂದು ಊಟ ಲೇಟಾಯ್ತು. ತಟ್ಟೆ ತೊಳೆಯೋಕೆ ನಲ್ಲಿ ಹತ್ರ ಹೋದ್ರೆ ಎಂಟನೇ ಕ್ಲಾಸಿನ ಒಬ್ಳು ಹುಡುಗಿ ನನ್ನ ಹಿಂದೆ ಬಂದು ನಿಂತ್ಲು, ತಟ್ಟೆ ಹಿಂದಿನ ಅಕ್ಷರ ನೋಡಿ ಇದು ಯಾರ್ದು ಸಾರ್ ಅಂದ್ಲು. ನಂದೇ ಕಣಮ್ಮ, ನಿನ್ನಷ್ಟಿದ್ದಾಗಿಂದು ಅಂತ ಕಥೆ ಶುರು ಮಾಡೋಕೆ ಹೋದೆ. ಆಮೇಲೆ ಹೇಳಿ ಸಾರ್, ಬೇಗ ತೊಳ್ಕೊಳಿ, ಬೆಲ್ಲಾಗುತ್ತೆ ಅಂದ್ಲು. ಪಕ್ಕಕ್ಕೆ ಸರ್ಕೊಂಡು ಅವಳಿಗೆ ನಲ್ಲಿ ಬಿಟ್ಟೆ.