ಬೇವಿನ ಹ್ಯಾಂಡ್‌ವಾಷ್‌ನಲ್ಲಿ ಕೆಲಸ ಮಾಡುವುದು ಬೇವೇನಾ?

ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆ, ಅದರಲ್ಲಿ ಬೇವಿನ ಸಾರ ಹಾಕಿದ ಗುಳಿ, ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವೃತ್ತ. ಕಾಲೇಜು ಪ್ರಾಜೆಕ್ಟಿನಿಂದ ಹಿಡಿದು ಜಾಹೀರಾತಿನವರೆಗೆ ಓಡಾಡುವ ಫೋಟೊ ಇದು. ವೃತ್ತ ಸುಳ್ಳಲ್ಲ. ಆದರೆ ಅದನ್ನು ನೋಡಿ, ಬೇವಿನ ಹ್ಯಾಂಡ್‌ವಾಷ್ ಕೈಯ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎನ್ನುವ ಮಾತು ಬಹುಪಾಲು ಊಹೆ.

ಸಾರ ತೆಗೆಯುವ ಸಾಮಾನ್ಯ ಕ್ರಮ ಹೀಗೆ: ನೆರಳಲ್ಲಿ ಒಣಗಿಸಿದ ಎಲೆಯ ಪುಡಿ 10 ಗ್ರಾಂ, 70% ಎಥೆನಾಲ್ 100 ಮಿ.ಲೀ. ಎರಡು ದಿನ ನೆನೆಹಾಕಿ, ಸೋಸಿ, 45 ಡಿಗ್ರಿ ಮೀರದಂತೆ ಎಥೆನಾಲ್ ಪೂರ್ತಿ ಆರಿಸಬೇಕು. ಆರಿಸದೆ ಉಳಿದರೆ ತಟ್ಟೆಯಲ್ಲಿ ಕಾಣುವುದು ಎಥೆನಾಲಿನ ವೃತ್ತ. ಆರಿದ ಸಾರವನ್ನು ಮತ್ತೆ ಕರಗಿಸಿದ ದ್ರಾವಕವನ್ನಷ್ಟೇ ಹಾಕಿ ನೋಡಲು ಒಂದು ಗುಳಿ ಮೀಸಲಿಡದಿದ್ದರೆ ಇಡೀ ಪ್ರಯೋಗ ದಂಡ.

ಈಗ ಲೆಕ್ಕ ನೋಡಿ. ತಟ್ಟೆಗೆ ಹಾಕುವುದು ಮಿ.ಲೀ.ಗೆ 100 ಮಿ.ಗ್ರಾಂ ಸಾರ, ಬ್ಯಾಕ್ಟೀರಿಯಾ ಅದರ ಜೊತೆ ಕಳೆಯುವುದು 18ರಿಂದ 24 ಗಂಟೆ. ಹ್ಯಾಂಡ್‌ವಾಷ್‌ನಲ್ಲಿ 0.5% ಸಾರ ಇದ್ದರೆ ಮಿ.ಲೀ.ಗೆ 5 ಮಿ.ಗ್ರಾಂ, ಒದ್ದೆ ಕೈಗೆ ಬಿದ್ದ ಕೂಡಲೇ ಇನ್ನೂ ತೆಳು, 20 ಸೆಕೆಂಡಿಗೆ ನಲ್ಲಿ ನೀರಿನಲ್ಲಿ ಮಾಯ.

ಜೊತೆಗೆ ಸೋಪಿನ ಬೇಸ್‌ನಲ್ಲಿರುವ ನೊರೆ ಪದಾರ್ಥವೂ ಸಂರಕ್ಷಕವೂ ತಾವೇ ವೃತ್ತ ಮಾಡಬಲ್ಲವು, ಅದರಲ್ಲೂ ಚರ್ಮದ ಮೇಲೆ ಕಾಣುವ ಸ್ಟಾಫಿಲೊಕಾಕಸ್ ಬ್ಯಾಕ್ಟೀರಿಯಾದ ಮೇಲೆ. ಹಾಗಾಗಿ ಕೇಳಬೇಕಾದ್ದು ಒಂದೇ: ಬೇವು ಹಾಕದ ಅದೇ ಬೇಸ್ ಎಷ್ಟು ಕೆಲಸ ಮಾಡಿತು? ಮಾರುವವರು ಇದನ್ನು ತೋರಿಸುವುದು ಕಡಿಮೆ. 2016ರಲ್ಲಿ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಆ್ಯಂಟಿಬ್ಯಾಕ್ಟೀರಿಯಲ್ ಸೋಪುಗಳಿಂದ ಹೊರಗಿಟ್ಟಿದ್ದಕ್ಕೂ, ಬರೀ ಸೋಪು-ನೀರಿಗಿಂತ ಅವು ಮೇಲು ಎಂಬ ಪುರಾವೆ ಸಿಗದ್ದು ಒಂದು ಕಾರಣ. ಗಿಡಮೂಲಿಕೆಗೆ ಬೇರೆ ಪರೀಕ್ಷೆ ಏಕೆ?

ಅರಿಶಿನದ ಸೋಪಿನದು ಇನ್ನೊಂದು ಕಥೆ. ಅರಿಶಿನ-ಸುಣ್ಣ ಕಲಸಿದ ಆರತಿ ನೀರು ಕೆಂಪಾಗುವಂತೆ, ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಮೇಲೆ ಕ್ಷಾರ) 9–10ರ ಸೋಪಿನಲ್ಲಿ ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ಕೆಂಪು-ಕಂದು ಬಣ್ಣಕ್ಕೆ ತಿರುಗಿ ಒಡೆಯತೊಡಗುತ್ತದೆ. ಬಾರ್ ಇಟ್ಟಷ್ಟೂ ಅದು ಕಡಿಮೆಯಾಗುತ್ತ ಹೋಗುತ್ತದೆ.

ಮನೆಯಲ್ಲಿ ಮಾಡುವವರಿಗೆ ಅಂಟುವಾಳ ವಾಸಿ, ಅದರಲ್ಲಿರುವ ನೊರೆ ಬರಿಸುವ ಅಂಶ ಸಪೋನಿನ್ ನಿಜಕ್ಕೂ ಕೊಳೆ ಎಬ್ಬಿಸುತ್ತದೆ. ಬೀಜ ತೆಗೆದ ಸಿಪ್ಪೆ 100 ಗ್ರಾಂ, ನೀರು 1 ಲೀಟರ್. ರಾತ್ರಿ ನೆನೆಸಿ, ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ. ಬೇವು-ತುಳಸಿ ಸೇರಿಸಿದರೆ ಕೆಡುವುದಿಲ್ಲ ಎಂಬ ನಂಬಿಕೆ ಬೇಡ. ಬಾಟಲಿಯಲ್ಲಿ ಬೆಳೆಯುವ ಸ್ಯೂಡೊಮೊನಾಸ್‌ನಂಥ, ಗ್ರಾಂ-ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಹೊರಗೊಂದು ಪೊರೆ ಹೆಚ್ಚಿಗೆ ಇದೆ. ಸಸ್ಯಸಾರಗಳು ಸೋಲುವುದೇ ಅಲ್ಲಿ. ಹುಳಿ ವಾಸನೆ, ಲೋಳೆ, ಮೇಲೆ ತೆಳು ಪದರ ಕಂಡರೆ ಚೆಲ್ಲಿಬಿಡಿ.

ತಿಂಗಳುಗಟ್ಟಲೆ ಇಡಬೇಕೆಂದರೆ ತಣಿದ ಕಷಾಯದ ಲೀಟರಿಗೆ 5 ಗ್ರಾಂ ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕವನ್ನು ಮೊದಲು ಪೂರ್ತಿ ಕರಗಿಸಿ, ಆಮೇಲೆ ಸಿಟ್ರಿಕ್ ಆಮ್ಲದ ನೀರನ್ನು ಹನಿಹನಿಯಾಗಿ ಹಾಕುತ್ತ ಪಿಎಚ್ 4.5ಕ್ಕೆ ತನ್ನಿ. ಆಮ್ಲ ಒಮ್ಮೆಲೇ ಸುರಿದರೆ ಬೆಂಜೊಯಿಕ್ ಆಮ್ಲ ಬಿಳಿ ಹರಳಾಗಿ ತಳ ಸೇರುತ್ತದೆ. ಪಿಎಚ್ 6 ದಾಟಿದರೆ ಬೆಂಜೊಯೇಟ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಸಂರಕ್ಷಕ ಬೇಡವೆನ್ನುವವರು ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ, ತೊಳೆದು ಒಣಗಿಸದ ಬಾಟಲಿಗೆ ಹೊಸದನ್ನು ತುಂಬಬೇಡಿ.