ಹಿಡಿ ಇರೋ ಮರಿಗೆ

ಹೋದ ಮಳೆಗಾಲದಲ್ಲಿ ನಮ್ಮನೆ ಕೊಟ್ಟಿಗೆ ಹಿಂದಿನ ಹಲಸಿನ ಮರದ ದೊಡ್ಡ ಕೊಂಬೆ ಗಾಳಿಗೆ ಮುರ್ಕೊಂಡು ಬಿತ್ತು. ಒಂದಡಿ ದಪ್ಪ ಇತ್ತು. ಬಚ್ಚಲ ಒಲೆಗೆ ಸೌದೆ ಆಯ್ತು ಅಂತ ಅಪ್ಪಯ್ಯ ಖುಷಿಯಲ್ಲಿದ್ರು, ನಾನು ಅದ್ರಲ್ಲಿ ಮೂರು ತುಂಡು ನಂಗೆ ಬೇಕು ಅಂತ ಎತ್ತಿಟ್ಕೊಂಡೆ, ಯಾಕಂದ್ರೆ ಅದೇ ವಾರ ಯೂಟ್ಯೂಬಲ್ಲಿ ಟ್ರಗ್ ಅನ್ನೋದನ್ನ ನೋಡಿ ತಲೆ ಕೆಟ್ಟಿತ್ತು.

ಟ್ರಗ್ ಅಂದ್ರೆ ಇಂಗ್ಲೆಂಡಿನ ಸಸೆಕ್ಸ್ ಕಡೆಯ ತೋಟದ ಬುಟ್ಟಿ. ದೋಣಿ ಥರ ಇರುತ್ತೆ, ಮೇಲೊಂದು ಕಮಾನಿನ ಹಿಡಿ. ಈಗಿನ ಸಸೆಕ್ಸ್ ಟ್ರಗ್ ಹೆಚ್ಚಾಗಿ ವಿಲೋ ಮರದ ತೆಳು ಹಲಗೆಗಳನ್ನ ಬಗ್ಗಿಸಿ ಚೆಸ್ಟ್‌ನಟ್ ಮರದ ಅಂಚಿಗೆ ಮೊಳೆ ಹೊಡೆದಿದ್ದು. ಅದನ್ನ ಹೆಸರುವಾಸಿ ಮಾಡಿದವ್ರು ಹರ್ಸ್ಟ್‌ಮನ್ಸೂ ಅನ್ನೋ ಊರಿನ ಥಾಮಸ್ ಸ್ಮಿತ್, 1851ರಲ್ಲಿ ಲಂಡನ್ನಿನ ದೊಡ್ಡ ಎಕ್ಸಿಬಿಷನ್ನಲ್ಲಿ ಇಟ್ಟಾಗ ವಿಕ್ಟೋರಿಯಾ ರಾಣಿನೇ ಆರ್ಡರ್ ಕೊಟ್ಲಂತೆ. ಆದ್ರೆ ನಂಗೆ ಹಿಡಿಸಿದ್ದು ಅದಕ್ಕಿಂತ ಹಳೇದು, ಇಡೀ ಮರದ ತುಂಡನ್ನೇ ತೋಡಿ ಮಾಡ್ತಿದ್ದ ಟ್ರಗ್.

ಅಮ್ಮಂಗೆ ಫೋನಲ್ಲಿ ತೋರಿಸ್ದೆ. "ಇದೇನೇ, ಮರಿಗೆಗೆ ಹಿಡಿ ಇಟ್ಟಿದಾರೆ ಅಷ್ಟೇ" ಅಂದ್ಲು. ಹೌದಲ್ಲ ಅನ್ನಿಸ್ತು. ನಮ್ಮನೆ ಅಟ್ಟದಲ್ಲಿ ಅಜ್ಜಿ ಕಾಲದ ಉಪ್ಪಿನ ಮರಿಗೆ ಇನ್ನೂ ಇದೆ, ಒಂದೇ ತುಂಡು ಮರ ತೋಡಿ ಮಾಡಿದ ಪಾತ್ರೆ, ಒಳಗೆಲ್ಲ ಉಳಿ ಗುರುತು ಕಾಣ್ಸುತ್ತೆ. ಟ್ರಗ್ ಅನ್ನೋ ಪದ ಕೂಡ ಇಂಗ್ಲಿಷಿನ ಹಳೇ ಪದದಿಂದ ಬಂದಿದ್ದಂತೆ, ಅರ್ಥ ದೋಣಿ, ತೊಟ್ಟಿ ಅಂತೆಲ್ಲ.

ಮೊದಲನೇದು ಪೂರ್ತಿ ಹಾಳಾಯ್ತು. ಅದನ್ನ ವಿವರವಾಗಿ ಹೇಳ್ತೀನಿ, ಯಾಕಂದ್ರೆ ವಿಡಿಯೋದಲ್ಲಿ ಯಾರೂ ಇದನ್ನ ತೋರಿಸಲ್ಲ. ನಂಗೆ ಹಿಡಿ ಸಮೇತ ಒಂದೇ ಮರದಲ್ಲಿ ಬರ್ಬೇಕು ಅಂತ ಹಟ. ಕೆಳಗಿನ ಅರ್ಧ ಬುಟ್ಟಿ, ಮೇಲಿನ ಅರ್ಧದಲ್ಲಿ ನಡುವೆ ಅಡ್ಡಕ್ಕೆ 2 ಇಂಚಿನ ಪಟ್ಟಿ ಉಳಿಸಿ ಅದೇ ಹಿಡಿ. ಮರ ಕುಯ್ಯೋಕೆ ಬಂದಿದ್ದವ್ರ ಹತ್ರ ಮಷಿನ್ ಗರಗಸದಲ್ಲಿ ಮೇಲಿನ ಎರಡು ಮೂಲೆ ತೆಗೆಸಿ, ಉಳಿದಿದ್ದನ್ನ ನಾಲ್ಕು ಭಾನುವಾರ ಕೂತು ಕುಟ್ಟಿದೀನಿ. ಕೈ ತುಂಬ ಬೊಬ್ಬೆ, ಆಮೇಲೆ ಹಲಸು ಅಲ್ವಾ, ಸಿಪ್ಪೆ ತೆಗೆಯೋವಾಗ ಮೇಣ ಉಳಿಗೆ, ಕೈಗೆ, ಕೂದ್ಲಿಗೆ ಎಲ್ಲ ಅಂಟ್ಕೊಂಡು ಕೊಬ್ಬರಿ ಎಣ್ಣೆ ಬಾಟ್ಲಿನ ಪಕ್ಕದಲ್ಲೇ ಇಟ್ಕೊಂಡು ಕೂರ್ಬೇಕಾಯ್ತು. ಕೊನೆಗೆ ನಾಲ್ಕು ಬದನೆಕಾಯಿ ಹಾಕ್ಕೊಂಡು ಗತ್ತಲ್ಲಿ ಎತ್ತಿದ್ರೆ ಟಪ್ ಅಂತ ಹಿಡಿ ಮಾತ್ರ ಕೈಯಲ್ಲಿ, ಬುಟ್ಟಿ ಕಾಲ ಮೇಲೆ!

ನಮ್ಮೂರ ಬಡಗಿ ಆಚಾರ್ರಿಗೆ ಮುರಿದಿದ್ದನ್ನ ತಗೊಂಡು ಹೋಗಿ ತೋರಿಸ್ದೆ. ಅವ್ರು ಬೆರಳಲ್ಲಿ ಗೆರೆ ಎಳೆದು ತೋರಿಸಿದ್ರು: "ತಂಗೀ, ಮರದ ನಾರು ಹೀಗೆ ಉದ್ದಕ್ಕೆ ಓಡುತ್ತೆ, ನೀನು ಹಿಡಿ ಇಟ್ಟಿದ್ದು ಅಡ್ಡಕ್ಕೆ, ಹಪ್ಪಳ ಮುರಿದ ಹಾಗೆ ಮುರಿಯುತ್ತೆ." ಆಮೇಲೆ ಎರಡೂ ತುದಿ ತಿರುಗಿಸಿ ನೋಡಿದ್ರು. ಅಂಚಿನಿಂದ ಕೆಳಗಡೆಗೆ ಬೆರಳು ಹೋಗೋ ಅಷ್ಟು ಸೀಳು. ಕೊಂಬೆಯ ನಟ್ಟನಡುವಿನ ತಿರುಳನ್ನ ಹಾಗೇ ಬಿಟ್ಟಿದ್ದೆ, ಮರ ಒಣಗ್ತಾ ಕುಗ್ಗುವಾಗ ಸೀಳು ಅಲ್ಲಿಂದಲೇ ಶುರುವಾಗುತ್ತಂತೆ. ಜೊತೆಗೆ ನಾನು ಬೇಗ ಒಣಗ್ಲಿ ಅಂತ ಅಂಗಳದ ಬಿಸ್ಲಲ್ಲಿ ಬೇರೆ ಇಟ್ಟಿದ್ದೆ.

ಎರಡನೇದಕ್ಕೆ ಹಟ ಬಿಟ್ಟೆ. ತುಂಡನ್ನ ಉದ್ದಕ್ಕೆ ಎರಡು ಹೋಳು ಸೀಳಿಸಿ, ಒಂದು ಹೋಳಿನ ಚಪ್ಪಟೆ ಮುಖದಿಂದ ಒಂದಿಂಚು ಕೆತ್ತಿ ತಿರುಳು ಪೂರ್ತಿ ತೆಗೆದೆ. ಅಳತೆ 18 ಇಂಚು ಉದ್ದ, 10 ಇಂಚು ಅಗಲ, 5 ಇಂಚು ಎತ್ತರ. ಮೊದ್ಲು ಒಳಗಡೆ ತೋಡ್ಬೇಕು, ಹೊರಗಡೆ ಆಮೇಲೆ. ಯಾಕಂದ್ರೆ ಹೊರಗಡೆ ದುಂಡಗೆ ಮಾಡ್ಬಿಟ್ರೆ ಆಮೇಲೆ ಅದು ಒಂದು ಕಡೆ ನಿಲ್ಲಲ್ಲ, ಕುಟ್ಟೋದು ಹೇಗೆ? ಆಳ ತಪ್ಪಬಾರದು ಅಂತ ಡ್ರಿಲ್ ಬಿಟ್ಟಿಗೆ 4 ಇಂಚಿಗೆ ಸರಿಯಾಗಿ ಟೇಪ್ ಸುತ್ತಿ, ನಡುವೆ ಹತ್ತಾರು ತೂತು ಹೊಡ್ಕೊಂಡೆ. ತೂತಿನ ತಳ ಕಾಣ್ಸೋವರೆಗೂ ಬಾಗಿದ ಉಳಿ, ಕೊಡತಿ (ಮರದ ಸುತ್ತಿಗೆ). ಅಂಚಿನಿಂದ ನಡುವಿಗೆ ಇಳಿಜಾರಲ್ಲಿ ಹೋದ್ರೆ ಬೆಣ್ಣೆ ಥರ ಬರುತ್ತೆ, ನಡುವಿಂದ ಮೇಲಕ್ಕೆ ಹೋದ್ರೆ ಉಳಿ ನಾರಿನೊಳಗೆ ಹೊಕ್ಕು ಚಕ್ಕೆ ಏಳುತ್ತೆ. ಹೊರಮೈಗೆ ಆಚಾರ್ರು ಬಾಚಿ (ಅಡ್ಡ ಅಲಗಿನ, ಮರ ಕೆತ್ತೋ ಉಪಕರಣ) ಕೊಟ್ಟಿದ್ರು, ಆದ್ರೆ ನಾನು ಅದನ್ನ ಹಿಡಿಯೋದು ನೋಡಿ ಐದೇ ನಿಮಿಷಕ್ಕೆ ವಾಪಸ್ ಇಸ್ಕೊಂಡು ತಾವೇ ಕೆತ್ತಿಕೊಟ್ರು. ಸೋ ಪೂರ್ತಿ ನಾನೇ ಮಾಡಿದ್ದು ಅಂತ ಹೇಳೋ ಹಾಗಿಲ್ಲ.

ಹಸಿ ಮರ ಕೆತ್ತೋದು ಸುಲಭ, ಒಣಗಿದ್ರೆ ಹಲಸು ಜೀವ ತೆಗೆಯುತ್ತೆ. ಅದಕ್ಕೆ ಕೆಲಸ ಇಲ್ಲದ ದಿನ ಒದ್ದೆ ಗೋಣಿಚೀಲ ಸುತ್ತಿಡ್ತಿದ್ದೆ. ಕೆತ್ತಿ ಮುಗಿದ್ಮೇಲೆ ಮಾತ್ರ ಉಲ್ಟಾ, ನಿಧಾನಕ್ಕೆ ಒಣಗ್ಬೇಕು. ತುದಿಗಳಲ್ಲೇ ನೀರು ಬೇಗ ಹೋಗೋದು, ಅಲ್ಲಿ ಸಗಣಿ ಬಳಿ ಅಂದ್ರು ಆಚಾರ್ರು. ಬಳಿದು, ಭತ್ತದ ಹೊಟ್ಟಿನೊಳಗೆ ಹೂತು ಒಂದೂವರೆ ತಿಂಗಳು ಬಿಟ್ಟೆ. ತೆಗೆದಾಗ ಒಂದು ಕಡೆ ಸ್ವಲ್ಪ ಸೊಟ್ಟ ಆಗಿತ್ತು, ಸೀಳಿರ್ಲಿಲ್ಲ.

ಹಿಡಿಗೆ ಬೆತ್ತ. ಒಂದು ದಿನ ನೀರಲ್ಲಿ ನೆನೆಸಿ, ಒಲೆ ಉರಿ ಮೇಲೆ ಸ್ವಲ್ಪ ಸ್ವಲ್ಪ ಕಾಯಿಸ್ತಾ ಬಗ್ಗಿಸಿ, ಎರಡು ತುದಿ ಹಗ್ಗದಲ್ಲಿ ಕಟ್ಟಿ ಒಣಗಿಸಿ, ಬುಟ್ಟಿ ಪಕ್ಕೆಗೆ ಹಿತ್ತಾಳೆ ಸ್ಕ್ರೂ. ಕಬ್ಬಿಣದ್ದು ಹಾಕಿದ್ರೆ ನಮ್ಮ ಮಳೆಗೆ ಒಂದೇ ವರ್ಷ. ತರಕಾರಿ ತೊಳೆದ ನೀರು ಇಳೀಲಿ ಅಂತ ತಳದಲ್ಲಿ ಆರು ತೂತು. ಎಣ್ಣೆ ಯಾವ್ದು ಹಚ್ಚೋದು ಅಂತ ತುಂಬ ತಲೆಕೆಡಿಸ್ಕೊಂಡೆ: ಕೊಬ್ಬರಿ ಎಣ್ಣೆ ಒಣಗಲ್ಲ, ಜಿಡ್ಡು ಜಿಡ್ಡಾಗೇ ಇರುತ್ತೆ. ಪೇಂಟ್ ಅಂಗಡಿಯ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ ಬೇಗ ಒಣಗುತ್ತೆ, ಆದ್ರೆ ಅದ್ರಲ್ಲಿ ಒಣಗೋಕೆ ಅಂತ ಕೆಮಿಕಲ್ ಸೇರಿಸಿರ್ತಾರೆ, ತರಕಾರಿ ಇಡೋ ಬುಟ್ಟಿಗೆ ಬೇಡ ಅನ್ನಿಸ್ತು. ಹಾಗಾಗಿ ಗಾಣದ ಅಗಸೆ ಎಣ್ಣೆ, ಮೂರು ಸಲ, ಒಂದೊಂದು ಸಲ ಒಣಗೋಕೆ ಒಂದೊಂದು ವಾರ. ಒರೆಸಿದ ಬಟ್ಟೆನ ಮಾತ್ರ ಮುದ್ದೆ ಮಾಡಿ ಎಸೀಬೇಡಿ, ಅದು ತಾನೇ ಬಿಸಿಯಾಗಿ ಬೆಂಕಿ ಹತ್ಕೊಳ್ಳುತ್ತೆ. ಬಿಡಿಸಿ ಹರವಿ ಒಣಗಿಸಿ.

ಅರಿಶಿನದ ಬಣ್ಣ ಇದ್ದಿದ್ದು ಈಗ ಕಂದು ತಿರುಗ್ತಿದೆ, ನೋಡೋಕೆ ಚೆಂದ. ತೂಕ ಎರಡೂವರೆ ಕೆಜಿ ಮೇಲೆ, ಬರೀ ಖಾಲಿ ಬುಟ್ಟಿ! ಅಮ್ಮ ಮಾತ್ರ ಇವತ್ತಿಗೂ ತೋಟಕ್ಕೆ ಹೋಗೋವಾಗ ಬಿದ್ದಿರೋ ಅಡಿಕೆ ಹಾಳೆನೇ ಮಡಚಿ, ಅದ್ರಲ್ಲೇ ಬಸಳೆ ತುಂಬ್ಕೊಂಡು ಬರ್ತಾಳೆ. ನಿಮಿಷದ ಕೆಲಸ, ತೂಕನೂ ಇಲ್ಲ.

ನಿನ್ನೆ ನನ್ನ ಬುಟ್ಟಿನ ತಿರುಗಿಸಿ ತಿರುಗಿಸಿ ನೋಡಿದ್ಲು. ಮೆಚ್ಕೊಂಡ್ಲು ಅಂದ್ಕೊಂಡೆ. "ತೂತು ಯಾಕೆ ಹೊಡ್ದೆ ಮಾರಾಯ್ತಿ, ಹಲಸಿನ ತೊಳೆ ಉಪ್ಪಿಗೆ ಹಾಕಿಡೋಕೆ ಎಷ್ಟು ಚೆನ್ನಾಗಿರ್ತಿತ್ತು" ಅಂದ್ಲು. ಮೂರನೇ ತುಂಡು ಗೋಣಿ ಸುತ್ಕೊಂಡು ಕೊಟ್ಟಿಗೆಯಲ್ಲೇ ಬಿದ್ದಿದೆ, ನೀರು ಹಾಕೋದು ಮರೆತು ಎಷ್ಟೋ ವಾರ ಆಯ್ತು, ಬಿಚ್ಚಿ ನೋಡೋಕೆ ಭಯ.